ಜಾಮೀನು ಹಾಕಿದ ಕಾಗೆ

ಮಕ್ಕಳೇ, ಮಕ್ಕಳಿಗೆ ಇದನ್ನು ಓದಿ ಹೇಳಲು ಕನ್ನಡಕ ಹುಡುಕುತ್ತಿರುವ ಅಜ್ಜ-ಅಜ್ಜಿಯರೇ,

ಸಾಲ ಪಡೆಯುವವನಿಗಿಂತ ಜಾಮೀನು ಹಾಕುವವನ ಎದೆ ಗಟ್ಟಿ. ಬ್ಯಾಂಕಿನ ಕೌಂಟರಿನ ಹಿಂದೆ ಮೂವತ್ತಾರು ವರ್ಷ ಕೂತು ನಾನು ಕಲಿತ ಪಾಠ ಇದು. ಸಾಲ ತೆಗೆದುಕೊಂಡವನು ಹೊಸ ಸ್ಕೂಟರಿಗೆ ನಿಂಬೆಹಣ್ಣು ಕಟ್ಟಿ, ಹೆಂಡತಿಯನ್ನು ಹಿಂದೆ ಕೂರಿಸಿಕೊಂಡು ಚಾಮುಂಡಿ ಬೆಟ್ಟಕ್ಕೆ ಹೋಗಿ ಬರುತ್ತಾನೆ. ನಾಲ್ಕು ಕಂತು ತಪ್ಪಿದಾಗ ನೋಟೀಸು ಹೋಗುವುದು ಜಾಮೀನುದಾರನ ಮನೆಗೆ. ಆತ ಬೆವರು ಒರೆಸಿಕೊಳ್ಳುತ್ತಾ ಬಂದು, "ಸಾರ್, ನಾನು ಬರೀ ಒಂದು ಸೈನ್ ಹಾಕಿದ್ದೆ ಅಷ್ಟೇ" ಅನ್ನುತ್ತಾನೆ. ಆಮೇಲೆ ಜೇಬಿನಿಂದ ದುಡ್ಡು ತೆಗೆದು ಎಣಿಸುತ್ತಾನೆ.

ನಿವೃತ್ತನಾದ ಮೇಲೆ ಇಂಥವರ ಮುಖ ನೋಡುವುದು ತಪ್ಪುತ್ತದೆ ಅಂದುಕೊಂಡಿದ್ದೆ. ತಪ್ಪಲಿಲ್ಲ. ಈಗ ಅವರು ನಮ್ಮ ಮನೆಯ ಎದುರಿನ ಹೊಂಗೆ ಮರದಲ್ಲೇ ವಾಸವಾಗಿದ್ದಾರೆ. ಮೈಗೆ ಕಪ್ಪು ಕೋಟು, ಕತ್ತಿಗೆ ಬೂದು ಬಣ್ಣದ ಮಫ್ಲರು. ಊರಕಾಗೆ ದಂಪತಿ. ಪಾಪ, ಇವರು ಸೈನ್ ಕೂಡ ಹಾಕಿರಲಿಲ್ಲ. ಇವರಿಲ್ಲದ ಹೊತ್ತಿನಲ್ಲಿ ಯಾರೋ ಬಂದು ಇವರ ಹೆಸರಿನಲ್ಲಿ ಸಾಲ ಎತ್ತಿಕೊಂಡು ಹೋಗಿದ್ದಾರೆ. ಆ ಯಾರೋ ಯಾರು ಎಂದು ಇಡೀ ಮೈಸೂರಿಗೇ ಗೊತ್ತು. ಯುಗಾದಿಯ ಸುಮಾರಿಗೆ ಬೆಳಗಿನ ಜಾವ ನಾಲ್ಕೂವರೆಗೆ ಶುರುಮಾಡಿದರೆ, ಹಾಲಿನವನು ಬರುವವರೆಗೂ ಕುಹೂ ಕುಹೂ ಎಂದು ನಮ್ಮ ನಿದ್ದೆ ಕೆಡಿಸುವ ಕೋಗಿಲೆ.

ಕೋಗಿಲೆಗೆ ಗೂಡು ಕಟ್ಟುವ ಅಭ್ಯಾಸವಿಲ್ಲ. ಬೇರೆಯವರ ಗೂಡಿನಲ್ಲಿ, ಹೆಚ್ಚಾಗಿ ಕಾಗೆಯ ಗೂಡಿನಲ್ಲಿ, ಮೊಟ್ಟೆಯಿಟ್ಟು ಹೊರಟುಹೋಗುತ್ತದೆ. ಕಾವು ಕೊಡುವುದು, ಮರಿಯ ಬಾಯಿಗೆ ತುತ್ತಿಡುವುದು, ಹಾರುವುದನ್ನು ಕಲಿಯುವವರೆಗೆ ಕಾಯುವುದು ಎಲ್ಲಾ ಕಾಗೆಯ ಪಾಲಿಗೆ. ನಮ್ಮ ಹಿರಿಯರಿಗೆ ಇದು ಬಹಳ ಹಿಂದೆಯೇ ಗೊತ್ತಿತ್ತು. ಸಂಸ್ಕೃತದಲ್ಲಿ ಕೋಗಿಲೆಗೆ 'ಪರಭೃತ' ಎಂಬ ಹೆಸರಿದೆ, ಅಂದರೆ ಬೇರೆಯವರು ಸಾಕಿದ್ದು. ಕಾಗೆಗೆ 'ಪರಭೃತ್', ಅಂದರೆ ಬೇರೆಯವರದ್ದನ್ನು ಸಾಕುವುದು. ಎರಡೂ ಅಮರಕೋಶದಲ್ಲಿವೆ. ಕೊನೆಯ ಅಕ್ಷರ ಪೂರ್ತಿ ಇದ್ದರೆ ಕೋಗಿಲೆ, ಅರ್ಧವಾದರೆ ಕಾಗೆ. ನಮ್ಮ ಲೆಡ್ಜರಿನಲ್ಲಿ ಒಂದೇ ಸಾಲನ್ನು ಜಮಾ ಕಡೆ ಬರೆದರೆ ಒಬ್ಬನಿಗೆ ಸಂತೋಷ, ಖರ್ಚಿನ ಕಡೆ ಬರೆದರೆ ಇನ್ನೊಬ್ಬನಿಗೆ ಸಂಕಟ ಆಗುತ್ತಿತ್ತಲ್ಲ, ಹಾಗೆ.

ಇಷ್ಟಾದರೂ ಹೊಗಳಿಕೆ ಯಾರಿಗೆ ನೋಡಿ. ಹತ್ತನೆಯ ಶತಮಾನದ ಪಂಪ ಮಹಾಕವಿಗೆ ಮುಂದಿನ ಜನ್ಮದಲ್ಲಿ ಬನವಾಸಿಯ ತೋಟದಲ್ಲಿ ದುಂಬಿಯಾಗಿಯೋ ಕೋಗಿಲೆಯಾಗಿಯೋ ಹುಟ್ಟುವ ಆಸೆ. ಕಾಗೆಯಾಗಿ ಹುಟ್ಟುತ್ತೇನೆಂದು ಯಾವ ಕವಿಯೂ ಅರ್ಜಿ ಹಾಕಿದ ನೆನಪು ನನಗಿಲ್ಲ. ಕಾಗೆಯ ಪರವಾಗಿ ಒಳ್ಳೆಯ ಮಾತಾಡಿದವರು ಬಸವಣ್ಣನವರು. ಒಂದು ಅಗುಳು ಕಂಡರೂ ತನ್ನ ಬಳಗವನ್ನೆಲ್ಲ ಕೂಗಿ ಕರೆಯುವ ಅದರ ಗುಣವನ್ನು ಅವರು ಎತ್ತಿ ಹಿಡಿದರು. ಉಳಿದಂತೆ ನಮ್ಮ ಅಜ್ಜಿಯರು ಹೇಳಿದ ಕಾಗಕ್ಕ-ಗುಬ್ಬಕ್ಕನ ಕಥೆಯಲ್ಲಿಯೂ ಮಳೆ ಬಂದಾಗ ಕೊಚ್ಚಿಹೋಗುವುದು ಕಾಗಕ್ಕನ ಮನೆಯೇ.

ಈ ವಂಚನೆ ನಡೆಯುವುದು ಹೇಗೆ ಎಂಬುದನ್ನು ನನಗೆ ಬಿಡಿಸಿ ಹೇಳಿದವರು ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಬೆಳಗ್ಗೆ ನನ್ನ ಜೊತೆ ನಡೆಯುವ ಪ್ರಾಣಿಶಾಸ್ತ್ರದ ಮೇಷ್ಟ್ರು. ಅವರೂ ನಿವೃತ್ತರು. ಇಬ್ಬರೂ ಸೇರಿದರೆ ನಡೆಯುವುದು ಅರ್ಧ ಗಂಟೆ, ಬೆಂಚಿನ ಮೇಲೆ ಕೂರುವುದು ಒಂದು ಗಂಟೆ.

"ಬ್ಯಾಂಕ್ ರಾಯರೇ, ಕಪ್ಪಗೆ ಮಿಂಚುತ್ತಾ ಕೆಂಪು ಕಣ್ಣು ಬಿಟ್ಕೊಂಡು ಕೂಗ್ತಿದೆಯಲ್ಲ, ಅದು ಗಂಡು" ಎಂದರು. "ಹೆಣ್ಣು ಕಂದು ಬಣ್ಣ, ಮೈತುಂಬ ಬಿಳಿ ಚುಕ್ಕೆ. ಅದು ಹಾಡೋದಿಲ್ಲ, ಕಿಕ್ ಕಿಕ್ ಅಂತ ಕಿರುಚುತ್ತೆ. ಎಷ್ಟೋ ಜನ ಅದನ್ನ ಕೋಗಿಲೆ ಅಂತಲೇ ಗುರುತಿಸೋದಿಲ್ಲ."

"ಹಾಡುವವರು ಒಬ್ಬರು, ಕೆಲಸ ಮಾಡುವವರು ಇನ್ನೊಬ್ಬರು ಅನ್ನಿ" ಎಂದೆ.

"ಅದನ್ನೇ ಹೇಳ್ತಿದೀನಿ. ಕೆಲವು ಸಲ ಗಂಡು ಗೂಡಿನ ಹತ್ತಿರ ಬಂದು ಕೂಗಿ ಕಾಗೆಗಳನ್ನು ಕೆಣಕುತ್ತೆ. ಅವು ಅಟ್ಟಿಸಿಕೊಂಡು ಹೋದಾಗ ಹೆಣ್ಣು ನುಗ್ಗಿ ಮೊಟ್ಟೆ ಇಡುತ್ತೆ. ಗಂಡಿನ ಸಹಾಯ ಇಲ್ಲದೆ ಹೆಣ್ಣೊಂದೇ ಕೆಲಸ ಮುಗಿಸೋದೂ ಉಂಟು."

ಒಬ್ಬ ಕೌಂಟರಿನಲ್ಲಿ ಗಲಾಟೆ ಎಬ್ಬಿಸಿ ಗಮನ ಸೆಳೆಯುವುದು, ಇನ್ನೊಬ್ಬ ಪಕ್ಕದ ಕಿಟಕಿಯಲ್ಲಿ ಕೈಚಳಕ ತೋರಿಸುವುದು! ಇದು ನಮ್ಮ ಕ್ಯಾಷಿಯರುಗಳಿಗೆಲ್ಲ ಗೊತ್ತಿದ್ದ ಹಳೆಯ ವಿದ್ಯೆ. ಕೋಗಿಲೆಗಳಿಗೂ ಗೊತ್ತು ಎಂದು ಆವತ್ತು ತಿಳಿಯಿತು.

ಮುಂದಿನ ಲೆಕ್ಕ ಇನ್ನೂ ಚೆನ್ನಾಗಿದೆ. ಕೋಗಿಲೆಯ ಮೊಟ್ಟೆ ಕಾಗೆಯ ಮೊಟ್ಟೆಗಿಂತ ಸ್ವಲ್ಪ ಚಿಕ್ಕದು. ಆದರೆ ಬಣ್ಣ, ಚುಕ್ಕೆಗಳು ಹೆಚ್ಚು ಕಡಿಮೆ ಒಂದೇ. ಸಹಿ ನಕಲು ಮಾಡುವವರು ಹೀಗೇ, ಅಕ್ಷರ ತುಸು ಚಿಕ್ಕದಾದರೂ ವಂಕಿ ಸರಿಯಾಗಿ ಎಳೆದಿರುತ್ತಾರೆ. ಕೋಗಿಲೆಯ ಮೊಟ್ಟೆ 12ರಿಂದ 14 ದಿನಕ್ಕೆ ಒಡೆಯುತ್ತದೆ. ಕಾಗೆಯದಕ್ಕೆ ಇನ್ನೂ ಎರಡು ಮೂರು ದಿನ ಬೇಕು. ಹಾಗಾಗಿ ಕೋಗಿಲೆ ಮರಿ ಮೊದಲು ಹುಟ್ಟಿ, ಮೊದಲು ಬಾಯಿ ತೆರೆದು, ಮೊದಲ ತುತ್ತನ್ನು ಹೊಡೆಯುತ್ತದೆ. ಇದು ನನಗೆ ಬಹಳ ಚೆನ್ನಾಗಿ ಅರ್ಥವಾಯಿತು. ಮೂರು ದಿನ ಮೊದಲು ಕೆಲಸಕ್ಕೆ ಸೇರಿದವನು ಸೀನಿಯಾರಿಟಿ ಪಟ್ಟಿಯಲ್ಲಿ ಮುಂದೆ ಬಂದು, ನಿವೃತ್ತನಾಗುವವರೆಗೂ ನನಗಿಂತ ಒಂದು ಮೆಟ್ಟಿಲು ಮೇಲೇ ಇದ್ದ.

ಒಂದು ವಿಷಯಕ್ಕೆ ಮಾತ್ರ ನಮ್ಮ ಕೋಗಿಲೆ ಮರಿಯನ್ನು ಮೆಚ್ಚಬೇಕು. ಅದು ಕಾಗೆ ಮರಿಗಳನ್ನು ಸಾಮಾನ್ಯವಾಗಿ ಗೂಡಿನಿಂದ ಹೊರಗೆ ತಳ್ಳುವುದಿಲ್ಲ. ಪಾಲು ಹೆಚ್ಚು ತಿನ್ನುತ್ತದೆ, ಅಷ್ಟೇ. ಎಷ್ಟೋ ಗೂಡುಗಳಲ್ಲಿ ಎರಡೂ ಜಾತಿಯ ಮರಿಗಳು ಒಟ್ಟಿಗೆ ಬೆಳೆಯುತ್ತವೆ. ಇಂಗ್ಲೆಂಡಿನ ಕುಕೂ ಹಕ್ಕಿಯ ಮರಿ ಹಾಗಲ್ಲ. ಗೋಡೆ ಗಡಿಯಾರದಿಂದ ತಲೆ ಹೊರಹಾಕಿ ಗಂಟೆ ಕೂಗುತ್ತದಲ್ಲ, ಅದೇ ಹಕ್ಕಿ. ಅದರ ಮರಿ ಹುಟ್ಟಿ ಒಂದೆರಡು ದಿನವಾಗಿರುತ್ತದೆ, ಕಣ್ಣು ಬಿಟ್ಟಿರುವುದಿಲ್ಲ, ಮೈಮೇಲೆ ಒಂದು ಪುಕ್ಕವಿರುವುದಿಲ್ಲ. ಆದರೂ ಗೂಡಿನಲ್ಲಿರುವ ಮೊಟ್ಟೆಗಳನ್ನು ಒಂದೊಂದಾಗಿ ಬೆನ್ನಿನ ಮೇಲೆ ಹೊತ್ತು ಅಂಚಿನವರೆಗೆ ಏರಿ ಹೊರಗೆ ಉರುಳಿಸಿಬಿಡುತ್ತದೆ. ಮೂಟೆ ಹೊರಲು ಬೆನ್ನಿನ ಮೇಲೆ ಒಂದು ತಗ್ಗು ಬೇರೆ ಇರುತ್ತದೆ.

ಇದನ್ನು ಕಣ್ಣಾರೆ ನೋಡಿ 1788ರಲ್ಲಿ ಬರೆದವರು ಎಡ್ವರ್ಡ್ ಜೆನ್ನರ್ ಎಂಬ ಹಳ್ಳಿ ವೈದ್ಯರು. ಎಷ್ಟೋ ಜನ ನಂಬಲಿಲ್ಲ. ಎಂಟು ವರ್ಷದ ಮೇಲೆ, 1796ರಲ್ಲಿ, ಇದೇ ಜೆನ್ನರ್ ಸಿಡುಬಿಗೆ ಲಸಿಕೆ ಕಂಡುಹಿಡಿದರು. ಆ ಲಸಿಕೆ ಮೈಸೂರಿಗೂ ಬಂತು. 1805ರ ಸುಮಾರಿಗೆ ಥಾಮಸ್ ಹಿಕಿ ಎಂಬ ಚಿತ್ರಕಾರ ಬರೆದ ಮೂವರು ರಾಜಸ್ತ್ರೀಯರ ಚಿತ್ರವೊಂದಿದೆ. ಅದರಲ್ಲಿರುವವರು ನಮ್ಮ ಅರಮನೆಯವರು, ಅದರಲ್ಲೂ ಸೆರಗು ಸರಿಸಿ ತೋಳು ತೋರಿಸುತ್ತಿರುವವರು ಮುಮ್ಮಡಿ ಕೃಷ್ಣರಾಜ ಒಡೆಯರ ರಾಣಿ ದೇವಜಮ್ಮಣ್ಣಿ, ತೋರಿಸುತ್ತಿರುವುದು ಲಸಿಕೆ ಹಾಕಿಸಿಕೊಂಡ ಜಾಗ ಎಂದು ಇತಿಹಾಸಕಾರರೊಬ್ಬರು ಗುರುತಿಸಿದ್ದಾರೆ. ರಾಣಿಯವರೇ ಹಾಕಿಸಿಕೊಂಡ ಮೇಲೆ ಜನರಿಗೆ ಏನು ಭಯ!

ಆ ಮುಮ್ಮಡಿಯವರು 1799ರಲ್ಲಿ ಪಟ್ಟಕ್ಕೆ ಬಂದಾಗ ಐದು ವರ್ಷದ ಹುಡುಗ. ಬೆನ್ನಿಗೆ ನಿಂತು ನೋಡಿಕೊಂಡವರು ಅಜ್ಜಿಯ ಸ್ಥಾನದಲ್ಲಿದ್ದ ರಾಣಿ ಲಕ್ಷ್ಮಮ್ಮಣ್ಣಿಯವರು. ಅಜ್ಜಿಯರೇ, ಈ ಸಾಲನ್ನು ಇನ್ನೊಂದು ಸಲ ಜೋರಾಗಿ ಓದಿ. ಮೊಮ್ಮಕ್ಕಳನ್ನು ಸಾಕುವುದು ಮೈಸೂರಿನಲ್ಲಿ ಹೊಸ ಕೆಲಸವೇನಲ್ಲ.

ಕೋಗಿಲೆಯ ಬಂಧುಬಳಗ ದೊಡ್ಡದು. ಲೋಕದಲ್ಲಿ ಸುಮಾರು 140 ಬಗೆಯ ಕೋಗಿಲೆ ಜಾತಿಯ ಹಕ್ಕಿಗಳಿವೆ. ಅವುಗಳಲ್ಲಿ 60ರಷ್ಟು ಮಾತ್ರ ಹೀಗೆ ಮೊಟ್ಟೆಯನ್ನು ಕಂಡವರ ಗೂಡಿಗೆ ದಾಟಿಸುವಂಥವು. ಮಳೆಹನಿಗಾಗಿ ಬಾಯಿ ತೆರೆದು ಕಾಯುತ್ತದೆ ಎಂದು ಕವಿಗಳು ಹಾಡಿದ ಚಾತಕವೂ ಈ ಗುಂಪಿನದೇ. ಅದು ಆರಿಸಿಕೊಂಡಿರುವುದು ಹರಟೆಮಲ್ಲನ ಗೂಡನ್ನು. ಹರಟೆಮಲ್ಲಗಳನ್ನು ನೀವು ನೋಡಿಯೇ ಇರುತ್ತೀರಿ, ಏಳೆಂಟು ಸೇರಿ ಹಿತ್ತಿಲ ತರಗೆಲೆ ಕೆದಕುತ್ತಾ, ಸಂತೆಯಂತೆ ಗದ್ದಲ ಮಾಡುತ್ತಾ ಓಡಾಡುವ ಮಣ್ಣು ಬಣ್ಣದ ಹಕ್ಕಿಗಳು. ಅವುಗಳದು ಅವಿಭಕ್ತ ಕುಟುಂಬ. ಒಂದು ಗೂಡಿನ ಮರಿಗೆ ಅಪ್ಪ-ಅಮ್ಮನ ಜೊತೆ ಚಿಕ್ಕಪ್ಪ, ಅತ್ತೆ, ಅಣ್ಣ ಎಲ್ಲರೂ ತುತ್ತು ತಂದು ಕೊಡುತ್ತಾರೆ. ಅವುಗಳ ಮೊಟ್ಟೆ ನೀಲಿ, ಚಾತಕದ ಮೊಟ್ಟೆಯೂ ನೀಲಿ. ಊಟಕ್ಕೆ ನಾಲ್ಕು ಜನ ಬಡಿಸುವ ಮನೆಯನ್ನೇ ಹುಡುಕಿಕೊಂಡಿದೆ, ಬುದ್ಧಿವಂತ ಹಕ್ಕಿ.

ಇನ್ನೊಂದು ಸಣ್ಣ ಕೋಗಿಲೆಯಿದೆ. ಅದು ಎಲೆಗಳನ್ನು ಹೊಲಿದು ಗೂಡು ಮಾಡುವ ದರ್ಜಿ ಹಕ್ಕಿಯಂಥ ಪುಟಾಣಿಗಳ ಮೇಲೆ ಈ ಭಾರ ಹಾಕುತ್ತದೆ. ದರ್ಜಿ ಹಕ್ಕಿ ಹೆಬ್ಬೆರಳಿಗಿಂತ ಸ್ವಲ್ಪ ದೊಡ್ಡದು. ಬೆಳೆದ ಮರಿ ಅದಕ್ಕಿಂತ ಎಷ್ಟೋ ದಪ್ಪ. ಐದನೇ ತರಗತಿ ಹುಡುಗ ಆರಡಿ ಮಗನಿಗೆ ಕುರ್ಚಿ ಹತ್ತಿ ತುತ್ತಿಟ್ಟಂತೆ!

ಅಮೆರಿಕದ ಕೌಬರ್ಡ್ ಒಂದು ಕಾಲಕ್ಕೆ ನಲವತ್ತರವರೆಗೂ ಮೊಟ್ಟೆಯಿಟ್ಟು ಊರೆಲ್ಲ ಹಂಚುತ್ತದೆ. ದಕ್ಷಿಣ ಅಮೆರಿಕದ ಕಪ್ಪುತಲೆಯ ಬಾತುಕೋಳಿಯೊಂದು ಮರ್ಯಾದಸ್ಥ. ಅದಕ್ಕೆ ಬೇಕಾದದ್ದು ಕಾವು ಮಾತ್ರ. ಮರಿ ಹುಟ್ಟಿದ ಒಂದೆರಡು ದಿನದಲ್ಲೇ ಯಾರ ತುತ್ತಿಗೂ ಕಾಯದೆ ನೀರಿಗಿಳಿದು ತನ್ನ ಹೊಟ್ಟೆ ತಾನು ನೋಡಿಕೊಳ್ಳುತ್ತದೆ. ಇಂಥ ಸಾಲಗಾರ ಸಿಕ್ಕಿದ್ದರೆ ನಮ್ಮ ಮ್ಯಾನೇಜರು ಕರೆದು ಕಾಫಿ ಕೊಡಿಸುತ್ತಿದ್ದರು.

ಹಾಗಂತ ಕುಲವನ್ನೇ ದೂರಬೇಡಿ. ಕೆಂಬೂತವೂ ಕೋಗಿಲೆಯ ದಾಯಾದಿಯೇ. ನವಿಲನ್ನು ನೋಡಿ ಪುಕ್ಕ ಕಿತ್ತುಕೊಂಡಿತು ಎಂದು ಗಾದೆ ಮಾಡಿ ನಾವು ಗೇಲಿ ಮಾಡುತ್ತೇವಲ್ಲ, ಆ ಕೆಂಬೂತ. ಅದು ಗಂಡು-ಹೆಣ್ಣು ಸೇರಿ ಸ್ವಂತ ಗೂಡು ಕಟ್ಟಿ, ಸ್ವಂತ ಮರಿಗಳನ್ನು ತಾವೇ ಸಾಕುತ್ತವೆ. ಹಾಡುವುದಕ್ಕೆ ಬರುವುದಿಲ್ಲ, ಆದ್ದರಿಂದ ಹೆಸರಿಲ್ಲ.

ಇಷ್ಟು ಕೇಳಿದ ಮೇಲೆ ಎಲ್ಲರೂ ಕೇಳುವ ಪ್ರಶ್ನೆ ಒಂದೇ. ಕಾಗೆ ಅಷ್ಟು ದಡ್ಡನೇ? ದಡ್ಡ ಅಲ್ಲವೇ ಅಲ್ಲ. ತಂತಿ, ಹೆಂಗಸರ ಹೇರ್‌ಪಿನ್ನು, ಬಟ್ಟೆ ನೇತುಹಾಕುವ ಹ್ಯಾಂಗರು, ಏನು ಸಿಕ್ಕಿದರೂ ಹೆಣೆದು ಗೂಡು ಮಾಡುವ ಹಕ್ಕಿ ಅದು. ಕೈಯಲ್ಲಿ ಕಲ್ಲಿರುವ ಹುಡುಗನನ್ನೂ ಬಿಸ್ಕತ್ತಿರುವ ಹುಡುಗನನ್ನೂ ದೂರದಿಂದಲೇ ಬೇರೆ ಮಾಡಿ ನೋಡುತ್ತದೆ. ಕೋಗಿಲೆಯನ್ನು ಕಂಡರೆ ಅಟ್ಟಾಡಿಸುತ್ತದೆ. ಆದರೂ ಗೂಡಿನೊಳಗಿನ ಮೊಟ್ಟೆಯ ವಿಚಾರದಲ್ಲಿ ಸೋಲುತ್ತದೆ.

ಮೇಷ್ಟ್ರು ಇದಕ್ಕೆ ಕೊಟ್ಟ ವಿವರಣೆ ನನ್ನಂಥ ಲೆಕ್ಕದವನಿಗೆ ಹಿಡಿಸಿತು. ಅನುಮಾನ ಬಂದ ಮೊಟ್ಟೆಯನ್ನೆಲ್ಲ ಹೊರಗೆಸೆಯುವ ಕಾಗೆ, ಒಂದಲ್ಲ ಒಂದು ದಿನ ತನ್ನ ಮೊಟ್ಟೆಯನ್ನೇ ಎಸೆದುಬಿಡಬಹುದು. ಅದರ ನಷ್ಟ ದೊಡ್ಡದು. ಬೇರೆಯವರ ಮರಿಯೊಂದು ಪಂಕ್ತಿಯಲ್ಲಿ ಕೂತು ಉಂಡರೆ ಆಗುವ ನಷ್ಟ ಅದಕ್ಕಿಂತ ಚಿಕ್ಕದು. ಆದ್ದರಿಂದ ಕಾಗೆಯ ಕಾನೂನು ಸರಳ. ನನ್ನ ಗೂಡಿನಲ್ಲಿ ಬಾಯಿ ತೆರೆದವರು ನನ್ನವರು. ಸಹಿ ಹೊಂದಲಿಲ್ಲವೆಂದು ನಿಜವಾದ ಗ್ರಾಹಕರನ್ನೇ ಹೊರಗೆ ಕಳಿಸಿದ ಕೌಂಟರುಗಳು ನನಗೆ ಗೊತ್ತು. ಕಾಗೆಯ ಕೌಂಟರಿನಲ್ಲಿ ಅಂಥ ಅವಮಾನವಿಲ್ಲ.

ಇಲ್ಲಿಯವರೆಗೆ ಇದು ತಮಾಷೆಯ ವಿಷಯವಾಗಿಯೇ ಇತ್ತು. ಹೋದ ತಿಂಗಳು ನಮ್ಮ ಮನೆಯ ಊಟದ ಹೊತ್ತಿನಲ್ಲಿ ಸ್ವಲ್ಪ ಬದಲಾಯಿತು.

ನನ್ನ ಮಗ, ಸೊಸೆ ಇಬ್ಬರಿಗೂ ಬೆಂಗಳೂರಿನಲ್ಲಿ ಕೆಲಸ. ಮೊಮ್ಮಗಳು ಪುಟ್ಟಿ ಎರಡು ವರ್ಷದಿಂದ ನಮ್ಮ ಜೊತೆ ಇದ್ದು ಇಲ್ಲೇ ಶಾಲೆಗೆ ಹೋಗುತ್ತಾಳೆ. ಈಗ ಐದನೇ ತರಗತಿ. ಬರುವ ಜೂನ್‌ಗೆ ಅವಳನ್ನು ಬೆಂಗಳೂರಿಗೇ ಕರೆದುಕೊಂಡು ಹೋಗುವುದು ಎಂದು ಮಾತಾಗಿದೆ. ಕೆರೆಯ ಏರಿಯ ಮೇಲೆ ಕೇಳಿದ್ದನ್ನೆಲ್ಲ ನಾನು ರಾತ್ರಿ ಅವಳಿಗೆ ಕಥೆ ಮಾಡಿ ಹೇಳುವುದು ವಾಡಿಕೆ. ಆವತ್ತು ಕೋಗಿಲೆ ಪುರಾಣ ಮುಗಿಸಿದೆ. ಅವಳು ತಟ್ಟೆ ನೋಡುತ್ತಲೇ ಕೇಳಿದಳು.

"ತಾತ, ಹಾಗಾದ್ರೆ ನಮ್ಮಮ್ಮ ಕೋಗಿಲೇನಾ?"

ಸಾರು ಬಡಿಸುತ್ತಿದ್ದ ನನ್ನಾಕೆಯ ಕೈ ಅಲ್ಲೇ ನಿಂತಿತು. ಶಾಲೆಯಲ್ಲಿ ಯಾರೋ ಏನೋ ಅಂದಿರಬೇಕು ಅನ್ನಿಸಿತು. ನಾನು ಬಾಯಿ ತೆರೆಯುವ ಮೊದಲು ಅವಳ ಅಜ್ಜಿಯೇ ಉತ್ತರ ಕೊಟ್ಟಳು.

"ಮೊಟ್ಟೆ ಇಟ್ಟುಬಿಟ್ಟು ಹೋದ ಕೋಗಿಲೆ, ನನ್ನ ಮರಿ ಊಟದ ಡಬ್ಬಿ ಖಾಲಿ ಮಾಡಿತಾ ಅಂತ ದಿನಾ ಆಫೀಸಿಂದ ಫೋನ್ ಮಾಡುತ್ತೇನೆ? ಶನಿವಾರ ಬಂತು ಅಂದ್ರೆ ರೈಲು ಹಿಡ್ಕೊಂಡು ಓಡಿ ಬರುತ್ತೇನೆ? ನಿಮ್ಮಮ್ಮ ಕೋಗಿಲೆ ಅಲ್ಲ ಕಣೆ."

"ಹಾಗಾದ್ರೆ ನೀವಿಬ್ರೂ ಕಾಗೇನಾ?"

"ಹೂಂ, ನಾವು ಕಾಗೇನೇ. ನಿಮ್ಮ ತಾತನ್ನ ನೋಡು, ಬೆಳಗ್ಗೆಯಿಂದ ರಾತ್ರಿವರೆಗೂ ಕಾ ಕಾ ಅಂತಾನೇ ಇರ್ತಾರೆ."

ನಾನು ನಕ್ಕೆ. ಪುಟ್ಟಿ ನಗಲಿಲ್ಲ. ಅನ್ನದ ಮೇಲೆ ಬೆರಳಿನಿಂದ ಗೆರೆ ಎಳೆಯುತ್ತಾ, "ಮರಿ ದೊಡ್ಡದಾದ್ಮೇಲೆ ಕಾಗೇನ ಮರೆತುಬಿಡುತ್ತಲ್ಲ" ಎಂದಳು. ಅವಳ ಮನಸ್ಸಿನಲ್ಲಿ ಇದ್ದದ್ದು ಅಮ್ಮನ ವಿಷಯವಲ್ಲ, ಬರುವ ಜೂನಿನ ವಿಷಯ.

ನಾನು ನನಗೆ ತಿಳಿದ ದಾರಿ ಹಿಡಿದೆ. ಕರ್ಣನ ಕಥೆ ಹೇಳಿದೆ. ನೀನು ಕುಂತಿಯ ಮಗ, ಪಾಂಡವರಿಗೆ ಅಣ್ಣ, ರಾಜ್ಯ ನಿನ್ನದೇ ಎಂದು ಸಾಕ್ಷಾತ್ ಕೃಷ್ಣನೇ ಬಂದು ಹೇಳಿದರೂ ಆತ ಸಾಕಿದ ರಾಧೆಯನ್ನು ಬಿಟ್ಟು ಬರಲಿಲ್ಲ. ಕೊನೆಯವರೆಗೂ ರಾಧೇಯನಾಗಿಯೇ ಉಳಿದ. ಹೇಳಲು ಬಂದ ಕೃಷ್ಣನೂ ಯಶೋದೆಯ ಕೈತುತ್ತು ತಿಂದು ಬೆಳೆದವನೇ. ನಮ್ಮ ಪುರಾಣಗಳಲ್ಲಿ ಸಾಕಿದವರಿಗೆ ಯಾರೂ ದಡ್ಡರು ಅಂದಿಲ್ಲ ಎಂದೆ.

ನನ್ನಾಕೆಗೆ ಅಷ್ಟು ಉದ್ದದ ಉತ್ತರ ಬೇಕಿರಲಿಲ್ಲ. "ಮರೆತರೂ ಪರವಾಗಿಲ್ಲ ಕಣೆ ಪುಟ್ಟಿ, ಚೆನ್ನಾಗಿ ಹಾರಿದರೆ ಸಾಕು. ಈಗ ಅನ್ನ ತಣ್ಣಗಾಗ್ತಿದೆ, ಊಟ ಮಾಡು" ಎಂದಳು. ಪುಟ್ಟಿ ಊಟ ಮಾಡಿದಳು. ಎರಡನೇ ಸಲ ಸಾರನ್ನವನ್ನೂ ಹಾಕಿಸಿಕೊಂಡಳು.

ಶನಿವಾರ ಸೊಸೆ ಬಂದಾಗ, ಚಪ್ಪಲಿ ಬಿಡುವ ಮೊದಲೇ ಪುಟ್ಟಿ ವರದಿ ಒಪ್ಪಿಸಿದಳು. "ಅಮ್ಮ, ನೀನು ಕೋಗಿಲೆ ಅಲ್ಲ ಅಂತ ತೀರ್ಮಾನ ಆಗಿದೆ." ಸೊಸೆ ನಕ್ಕಳು. ಆಮೇಲೆ ಅಡುಗೆಮನೆಗೆ ಹೋಗಿ ಸ್ವಲ್ಪ ಹೊತ್ತು ಒಬ್ಬಳೇ ಇದ್ದಳು. ಕಣ್ಣು ಕೆಂಪಾಗಿದ್ದದ್ದು ನೋಡಿ ಕೇಳಿದರೆ ಈರುಳ್ಳಿ ಹೆಚ್ಚುತ್ತಿದ್ದೆ ಅಂದಳು. ಆವತ್ತು ನಮ್ಮ ಮನೆಯಲ್ಲಿ ಏಕಾದಶಿ, ಅಡುಗೆಗೆ ಈರುಳ್ಳಿ ಹಾಕಿರಲಿಲ್ಲ. ನಾನು ಲೆಕ್ಕ ತಾಳೆ ನೋಡಲು ಹೋಗಲಿಲ್ಲ.

ಮೈಸೂರಿನ ಸರಸ್ವತಿಪುರ, ಕುವೆಂಪುನಗರದ ಯಾವ ಬೀದಿಗೆ ಹೋದರೂ ಶಾಲೆ ಬಿಡುವ ಹೊತ್ತಿಗೆ ಗೇಟಿನ ಮುಂದೆ ನೀರಿನ ಬಾಟಲಿ ಹಿಡಿದು ನಿಂತ ಅಜ್ಜ-ಅಜ್ಜಿಯರನ್ನು ನೋಡಬಹುದು. ಮಂಡಿ ನೋವು, ಸಕ್ಕರೆ ಕಾಯಿಲೆ, ರಕ್ತದೊತ್ತಡದ ಮಾತ್ರೆ ಎಲ್ಲವನ್ನೂ ಜೇಬಿನಲ್ಲಿಟ್ಟುಕೊಂಡು ಬಂದಿರುತ್ತಾರೆ. "ಮಕ್ಕಳು ತಮ್ಮ ಮಕ್ಕಳನ್ನು ಇವರ ತಲೆಗೆ ಕಟ್ಟಿದ್ದಾರೆ" ಎಂದು ನೋಡಿದವರು ಗೊಣಗುವುದೂ ಉಂಟು. ದುಷ್ಯಂತನೂ ಹೀಗೇ ಗೊಣಗಿದವನು. ನಮ್ಮ ಮೈಸೂರಿನ ಆಸ್ಥಾನ ಕವಿ ಬಸವಪ್ಪ ಶಾಸ್ತ್ರಿಗಳು ಕನ್ನಡಕ್ಕೆ ತಂದ ಕಾಳಿದಾಸನ ಶಾಕುಂತಲ ನಾಟಕದಲ್ಲಿ, ತುಂಬು ಬಸುರಿ ಶಕುಂತಲೆ ಎದುರಿಗೆ ನಿಂತಾಗ ಅವನು ಕೋಗಿಲೆಯ ಉದಾಹರಣೆ ಕೊಟ್ಟು ಹೆಂಗಸರೆಲ್ಲ ಹೀಗೇ ಮೋಸಗಾರರು ಎನ್ನುತ್ತಾನೆ. ಮರೆತವನು ತಾನು, ಬೈಸಿಕೊಂಡದ್ದು ಕೋಗಿಲೆ! ಆ ಶಕುಂತಲೆಯನ್ನೂ ಹೆತ್ತ ಮೇನಕೆ ಬಿಟ್ಟುಹೋಗಿದ್ದಳು. ಹಕ್ಕಿಗಳು ಕಾದವು, ಕಣ್ವರು ಎತ್ತಿ ತಂದು ಸಾಕಿದರು. ಶಕುಂತ ಎಂದರೆ ಹಕ್ಕಿ, ಅದಕ್ಕೇ ಶಕುಂತಲೆ ಎಂಬ ಹೆಸರು.

ಹಾಗಾದರೆ ಕೋಗಿಲೆ ಈ ಸಾಲವನ್ನು ತೀರಿಸುವುದೇ ಇಲ್ಲವೇ ಎಂದು ಮೇಷ್ಟ್ರನ್ನು ಕೇಳಿದೆ. ಕಾಗೆಗೆ ತೀರಿಸುವುದಿಲ್ಲ, ಬೇರೆ ಕಡೆ ತೀರಿಸುತ್ತದೆ ಎಂದರು. ದೊಡ್ಡ ಕೋಗಿಲೆಗಳ ಮುಖ್ಯ ಆಹಾರ ಹಣ್ಣು. ಆಲ, ಅತ್ತಿಯ ಹಣ್ಣುಗಳ ಜೊತೆ ಅವು ಶ್ರೀಗಂಧದ ಹಣ್ಣನ್ನೂ ನುಂಗುತ್ತವೆ. ಬೀಜ ಬೇರೆಲ್ಲೋ ಬೀಳುತ್ತದೆ, ಅಲ್ಲಿ ಗಂಧದ ಗಿಡ ಹುಟ್ಟುತ್ತದೆ. ಶ್ರೀಗಂಧದ ಬೀಜ ಹರಡುವ ಹಕ್ಕಿಗಳಲ್ಲಿ ಕೋಗಿಲೆಗೆ ದೊಡ್ಡ ಸ್ಥಾನವಿದೆ. ಮೊದಲ ಮಹಾಯುದ್ಧದ ಕಾಲದಲ್ಲಿ ಗಂಧದ ಮರವನ್ನು ಯೂರೋಪಿಗೆ ಕಳಿಸಲು ಆಗದೆ ಮೈಸೂರು ಸಂಸ್ಥಾನ ತಾನೇ ಎಣ್ಣೆ ತೆಗೆಯಲು ಶುರುಮಾಡಿತು, ಅದರಿಂದ ಸಾಬೂನು ಬಂತು, ಮೈಸೂರಿನ ಹೆಸರು ಲೋಕದ ಬಚ್ಚಲುಮನೆಗಳಿಗೆಲ್ಲ ಹೋಯಿತು. ಆ ಗಂಧದ ಹಿಂದೆ ಕೋಗಿಲೆಯ ಕೊಕ್ಕೂ ಇದೆ.

ಇನ್ನೊಂದು ಮಾತು ಹೇಳಿ ಮೇಷ್ಟ್ರು ನನ್ನನ್ನು ಬೆಂಚಿನಿಂದ ಏಳದಂತೆ ಮಾಡಿದರು. "ಗಂಧದ ಮರವೂ ಅಂಥದ್ದೇ ರಾಯರೇ. ಅದರ ಬೇರು ಪಕ್ಕದ ಗಿಡಗಳ ಬೇರನ್ನು ಹಿಡಿದು ನೀರು, ಸಾರ ಹೀರಿಕೊಳ್ಳುತ್ತೆ. ನೆರೆಯವರಿಲ್ಲದೆ ಅದು ಸರಿಯಾಗಿ ಬೆಳೆಯೋದಿಲ್ಲ."

ಕಂಡವರ ಮನೆಯಲ್ಲಿ ಬೆಳೆದ ಹಕ್ಕಿ, ಕಂಡವರ ಬೇರಿನ ಆಸರೆಯಲ್ಲಿ ಬೆಳೆಯುವ ಮರವನ್ನು ನೆಡುತ್ತಿದೆ! ಬಿ.ಕಾಂ.ನಲ್ಲಿ ಕಲಿತ ಜಮಾ-ಖರ್ಚಿನ ಯಾವ ನಿಯಮದಲ್ಲಿಯೂ ಇದನ್ನು ಹೊಂದಿಸಲಾಗದು. ಒಂದು ಶಾಖೆಯಲ್ಲಿ ತೆಗೆದ ಸಾಲ, ಇನ್ನೊಂದು ಊರಿನ ಶಾಖೆಯಲ್ಲಿ, ಬೇರೆ ಯಾರದೋ ಖಾತೆಗೆ ಜಮಾ. ಮಕ್ಕಳನ್ನು ಸಾಕಿದವರ ಲೆಕ್ಕವೂ ಹೀಗೇ ಇರಬೇಕು. ನಮ್ಮನ್ನು ಸಾಕಿದ ಅಜ್ಜಿಗೆ ನಾವು ಯಾರೂ ಸಾಲ ತೀರಿಸಿಲ್ಲ. ಮೊಮ್ಮಕ್ಕಳ ಖಾತೆಗೆ ಕಟ್ಟುತ್ತಿದ್ದೇವೆ.

ಮಕ್ಕಳೇ, ಬೇಸಿಗೆ ರಜೆಯಿಂದ ಮಳೆಗಾಲದವರೆಗೆ ನಿಮಗೊಂದು ಕೆಲಸ ಕೊಡುತ್ತೇನೆ. ನಿಮ್ಮ ಬೀದಿಯಲ್ಲಿ ಕಾಗೆಯ ಗೂಡಿದ್ದರೆ ಕೆಳಗೆ ನಿಂತು ನೋಡಿ. ಹತ್ತಬೇಡಿ, ಮುಟ್ಟಬೇಡಿ, ತಲೆಯ ಮೇಲೊಂದು ಟೋಪಿ ಇರಲಿ. ಗೂಡಿನ ಹತ್ತಿರ ಹೋದವರನ್ನು ಕಾಗೆ ಕುಕ್ಕದೆ ಬಿಡುವುದಿಲ್ಲ. ಮೂರು ನಾಲ್ಕು ವಾರದಲ್ಲಿ ಮರಿ ಗೂಡಿನಿಂದ ಹೊರಗೆ ಬಂದು ಕೊಂಬೆಯ ಮೇಲೆ ಕೂರುತ್ತದೆ. ಅದು ಕಾಗೆಗಿಂತ ಚಿಕ್ಕದಾಗಿ, ಉದ್ದ ಬಾಲದ್ದಾಗಿ, ಮೈಮೇಲೆ ಬಿಳಿ ಚುಕ್ಕೆ ಕಾಣಿಸುತ್ತಾ, ರೆಕ್ಕೆ ಅದುರಿಸಿ ಕಾಗೆಯನ್ನೇ ಊಟ ಕೇಳುತ್ತಿದ್ದರೆ, ನೋಟುಬುಕ್ಕಿನಲ್ಲಿ ತಾರೀಕು, ಜಾಗ ಬರೆದಿಡಿ. ಗೂಡು ಬಿಟ್ಟ ಮೇಲೂ ಎರಡು ಮೂರು ವಾರ ಕಾಗೆ ಅದಕ್ಕೆ ತಿನ್ನಿಸುವುದನ್ನು ನೀವು ನೋಡಬಹುದು. ಮರಿ ನೆಲಕ್ಕೆ ಬಿದ್ದಂತೆ ಕಂಡರೆ ತಕ್ಷಣ ಎತ್ತಿಕೊಂಡು ಓಡಬೇಡಿ, ನಾಯಿ-ಬೆಕ್ಕು ಬಾರದಂತೆ ದೂರದಿ‌ಂದ ನೋಡಿಕೊಳ್ಳಿ. ಸಾಕುವವರು ಹತ್ತಿರದಲ್ಲೇ ಇರುತ್ತಾರೆ.

ಆ ಮರಿ ಮುಂದೆ ಕುಹೂ ಎಂದು ಕೂಗುವುದನ್ನು ಕಾಗೆ ಕಲಿಸುವುದಿಲ್ಲ. ಅದು ಹುಟ್ಟಿನಿಂದಲೇ ಬಂದದ್ದು. ಆದರೆ ಕೂಗಲು ಬೇಕಾದ ಕಸುವು, ಹುಳು ಹುಪ್ಪಟೆ, ಅನ್ನದ ಅಗುಳು, ಯಾರದೋ ಡಬ್ಬಿಯ ಚಪಾತಿ ಚೂರು, ಎಲ್ಲವೂ ಕಾಗೆ ತಂದು ಬಾಯಿಗೆ ಹಾಕಿದ್ದು. ಆದ್ದರಿಂದ ಮುಂದಿನ ಸಲ ಕೋಗಿಲೆಯ ಹಾಡು ಕೇಳಿ ಚಪ್ಪಾಳೆ ತಟ್ಟುವಾಗ, ಕಾಂಪೌಂಡಿನ ಮೇಲೆ ಒಂದು ತುತ್ತು ಅನ್ನವನ್ನೂ ಇಡಿ. ಅದಕ್ಕಾಗಿ ಶ್ರಾದ್ಧದ ದಿನದವರೆಗೆ ಕಾಯಬೇಕಾಗಿಲ್ಲ. ಅನ್ನ ಸ್ವಲ್ಪ ಜಾಸ್ತಿಯೇ ಇಡಿ, ಅದರ ಮನೆಯಲ್ಲಿ ಎಷ್ಟು ಜನವೋ, ಯಾರಿಗೆ ಗೊತ್ತು!